ಹೆಸರು ಅಳಿಸಿದ ಮೇಲೆ

ದಸರೆಗೆ ಮುಂಚೆ ಮನೆ ಸ್ವಚ್ಛ ಮಾಡುವಾಗ ಪ್ರತಿ ವರ್ಷ ನನ್ನ ಕೈಗೆ ಸಿಗುವ, ಪ್ರತಿ ವರ್ಷವೂ ನಾನು ಧೂಳು ಒರೆಸಿ ಮತ್ತೆ ಅಲ್ಲೇ ಇಡುವ ಒಂದು ವಸ್ತುವಿದೆ. ಕಪಾಟಿನ ಹಿಂದೆ ಗೋಡೆಗೆ ಒರಗಿ ನಿಂತಿರುವ ದೊಡ್ಡ ಖಾಕಿ ಲಕೋಟೆ. ಅದರೊಳಗೆ ನಮ್ಮ ಅತ್ತೆಯವರ ಎದೆಯ ಎರಡು ಎಕ್ಸ್‌ರೇಗಳಿವೆ. ಅತ್ತೆ ತೀರಿಕೊಂಡದ್ದು 2016ರಲ್ಲಿ. ಅವರ ಸೀರೆಗಳನ್ನು ಹಂಚಿದ್ದಾಯಿತು, ಮಂಚ ನಾದಿನಿಯ ಮನೆಗೆ ಹೋಯಿತು, ಎಲೆ ಅಡಿಕೆಯ ಡಬ್ಬಿಯನ್ನು ಯಾರೋ ಕೇಳಿ ಒಯ್ದರು. ಈ ಲಕೋಟೆಯನ್ನು ಯಾರೂ ಕೇಳಲಿಲ್ಲ. ನಾನೂ ಎಸೆಯಲಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು. ಇಲ್ಲದ ಮನೆ ಅಪರೂಪ.

ರದ್ದಿ ಕೊಳ್ಳುವವನು ಮಾತ್ರ ಬಂದಾಗಲೆಲ್ಲ ಕೇಳುತ್ತಾನೆ. "ಹಳೇ ಎಕ್ಸ್‌ರೇ ಇದ್ರ ಕೊಡ್ರಿ ಅಕ್ಕಾರ, ಅದಕ್ಕ ಬ್ಯಾರೆ ರೇಟ್ ಐತಿ." ಆ ಹಾಳೆಗಳಲ್ಲಿ ಬೆಳ್ಳಿಯ ಅಂಶ ಇರುತ್ತದಂತೆ, ಅದನ್ನು ತೆಗೆಯುತ್ತಾರಂತೆ. ಮೊದಲ ಸಲ ಕೇಳಿದಾಗ ನನಗೆ ಆಶ್ಚರ್ಯವಾಗಿತ್ತು. ನಮ್ಮ ಕೆಮ್ಮು, ನಮ್ಮ ಮುರಿದ ಮೂಳೆ ಇವುಗಳಿಗೂ ಒಂದು ಬೆಲೆ ಇದೆಯಲ್ಲ ಎಂದು.

ಎಕ್ಸ್‌ರೇ ಎಂದರೆ ನನಗೆ ಮೊದಲು ನೆನಪಾಗುವುದು ರೋಗವಲ್ಲ, ಗ್ರಹಣ. 1980ರ ಫೆಬ್ರುವರಿ 16ರಂದು ನಮ್ಮ ಹುಬ್ಬಳ್ಳಿಯಲ್ಲಿ ಪೂರ್ಣ ಸೂರ್ಯಗ್ರಹಣ. ನಾನಾಗ ಮೂರನೆಯ ಇಯತ್ತೆ. ಹಿರಿಯರೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕುಳಿತರೆ, ನಾವು ಮಕ್ಕಳು ದೊಡ್ಡಪ್ಪನ ಎಕ್ಸ್‌ರೇ ಕದ್ದುಕೊಂಡು ಹಿತ್ತಲಿಗೆ ಓಡಿದ್ದೆವು. ಹಾಗೆ ನೋಡಬಾರದು, ಕಣ್ಣಿಗೆ ಅಪಾಯ ಎಂದು ಆಗ ಯಾರೂ ನಮಗೆ ಹೇಳಿರಲಿಲ್ಲ. ದೊಡ್ಡಪ್ಪನ ಪಕ್ಕೆಲುಬುಗಳ ನಡುವೆ ಸೂರ್ಯ ಕೊರೆದ ಬಳೆಚೂರಿನ ಹಾಗೆ ಕಂಡ. ಸಂಜೆ ವಿಷಯ ಗೊತ್ತಾದಾಗ ದೊಡ್ಡಪ್ಪ ಬೈಯಲಿಲ್ಲ. "ನನ್ನ ಕೇಳೇರ ಒಯ್ಯಬೇಕಿತ್ತಲ್ಲೋ, ನಾನೂ ಬರತಿದ್ದೆ" ಎಂದರು. ಆ ಮಾತು ಇಷ್ಟು ವರ್ಷಗಳ ಮೇಲೆ ನೆನಪಾಗಲು ಒಂದು ಕಾರಣವಿದೆ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಹಿಂದಿನ ದಸರೆಗೆ ನನ್ನ ತಂಗಿಯ ಮಗಳು ನಾಲ್ಕು ದಿನ ಇರಲು ಬಂದಿದ್ದಳು. ಡಾಕ್ಟರಿಕೆ ಮುಗಿಸಿ ಈಗ ಎಕ್ಸ್‌ರೇ, ಸ್ಕ್ಯಾನ್ ಓದುವ ವಿಭಾಗದಲ್ಲಿ ಎಂ.ಡಿ. ಮಾಡುತ್ತಿದ್ದಾಳೆ. ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತ ತನ್ನ ಕೆಲಸದ ಬಗ್ಗೆ ಹೇಳುತ್ತ ಹೋದಳು. ಈಗ ನಾವು ಕಂಡ ಹಾಗೆ ಫಿಲಂ ತೊಳೆದು ಒಣಗಿಸುವ ಕತ್ತಲೆ ಕೋಣೆ ಹೆಚ್ಚಿನ ಕಡೆ ಇಲ್ಲ. ಕಿರಣ ಎದೆಯನ್ನು ಹಾದು ಒಂದು ಫಲಕದ ಮೇಲೆ ಬಿದ್ದರೆ, ಎಷ್ಟು ಕಿರಣ ಬಂತು ಎಂಬುದು ಚುಕ್ಕೆ ಚುಕ್ಕೆಯಾಗಿ ಅಂಕಿಗಳಾಗಿ ಕಂಪ್ಯೂಟರಿಗೆ ಹೋಗುತ್ತದೆ. ಆ ಅಂಕಿಗಳೇ ಚಿತ್ರ. ಚಿತ್ರದ ಜೊತೆಗೆ ಕಣ್ಣಿಗೆ ಕಾಣದ ಒಂದು ಚೀಟಿಯೂ ಅಂಟಿಕೊಂಡಿರುತ್ತದೆ. ರೋಗಿಯ ಹೆಸರು, ವಯಸ್ಸು, ಹೆಣ್ಣೋ ಗಂಡೋ, ಯಾವ ದಿನ, ಯಾವ ಯಂತ್ರ, ದೇಹದ ಯಾವ ಭಾಗ, ಎಲ್ಲ ಅದರಲ್ಲಿ ಬರೆದಿರುತ್ತದೆ.

"ಪಾತ್ರಿ ಮ್ಯಾಲೆ ಹೆಸರ ಕೊರಿಸ್ತೀವಲ್ಲ, ಹಂಗ" ಎಂದೆ.

"ಹೌದು ದೊಡ್ಡವ್ವ, ಬರೋಬ್ಬರಿ ಹಂಗ."

ಮೊದಲು ಒಬ್ಬೊಬ್ಬ ಯಂತ್ರ ತಯಾರಕನೂ ಆ ಚೀಟಿಯನ್ನು ತನಗೆ ಬೇಕಾದ ಹಾಗೆ ಬರೆಯುತ್ತಿದ್ದನಂತೆ. ಒಬ್ಬನ ಯಂತ್ರದ ಚಿತ್ರ ಇನ್ನೊಬ್ಬನ ಯಂತ್ರದಲ್ಲಿ ತೆರೆಯುತ್ತಿರಲಿಲ್ಲ. ಅಮೆರಿಕದ ಎಕ್ಸ್‌ರೇ ವೈದ್ಯರ ಸಂಘವೂ ಯಂತ್ರ ತಯಾರಕರ ಸಂಘವೂ ಕೂಡಿ 1985ರಲ್ಲಿ ಎಲ್ಲರಿಗೂ ಒಂದೇ ನಿಯಮ ಮಾಡಿದರು. ಅದೇ ತಿದ್ದಿ ಬೆಳೆದು 1993ರಿಂದ ಡೈಕಾಮ್ ಎಂಬ ಹೆಸರು ಪಡೆಯಿತು. ಈ ಚಿತ್ರಗಳನ್ನೆಲ್ಲ ಕೂಡಿಸಿಡುವ ಕಣಜಕ್ಕೆ ಪ್ಯಾಕ್ಸ್ ಎನ್ನುತ್ತಾರೆ. ಆಸ್ಪತ್ರೆಯ ಕಂಪ್ಯೂಟರಿನ ಮುಂದೆ ಕುಳಿತು "ಐವತ್ತು ದಾಟಿದ ಹೆಂಗಸರು, ಎದೆಯ ಎಕ್ಸ್‌ರೇ, ಇಂಥ ಇಸವಿಯಿಂದ ಇಂಥ ಇಸವಿ" ಎಂದು ಕೇಳಿದರೆ ಸಾಕು, ಹತ್ತು ವರ್ಷದ ಹಿಂದಿನವು ಕೂಡ ಸಾಲಾಗಿ ಬಂದು ನಿಲ್ಲುತ್ತವೆ. ಹಿಂದೆ ದಾಖಲೆಗಳ ಕೋಣೆಯಲ್ಲಿ ಗೆದ್ದಲಿನ ಜೊತೆ ಗುದ್ದಾಡಿ ಹುಡುಕಬೇಕಾಗಿದ್ದುದು ಈಗ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಆಗುತ್ತದೆ.

ಅವಳ ಅಧ್ಯಯನದ ವಿಷಯ ಕೇಳಿ ನಾನು ಕೈಯಲ್ಲಿದ್ದ ಕೊಬ್ಬರಿ ಕೆಳಗಿಟ್ಟೆ. ಕೊರಳೆಲುಬಿನ ಹಿಂದೆ, ಪಕ್ಕೆಲುಬಿನ ಹಿಂದೆ ಅಡಗಿರುವ ಸಣ್ಣ ಸಣ್ಣ ನೆರಳುಗಳು ವೈದ್ಯರ ಕಣ್ಣಿಗೆ ತಪ್ಪಿಹೋಗುತ್ತವೆ. ಅವನ್ನು ಕಂಪ್ಯೂಟರ್ ಎಷ್ಟರ ಮಟ್ಟಿಗೆ ಹಿಡಿದು ತೋರಿಸೀತು ಎಂದು ಹಳೆಯ ಚಿತ್ರಗಳ ಮೇಲೆ ಪರೀಕ್ಷಿಸುವುದು.

ಯಾಕೆಂದರೆ ನಮ್ಮ ಅತ್ತೆಗೆ ಆದದ್ದೂ ಅದೇ. 2014ರಲ್ಲಿ ಜ್ವರ, ಕೆಮ್ಮು ಎಂದು ಅವರನ್ನು ಎರಡು ದಿನ ಆಸ್ಪತ್ರೆಯಲ್ಲಿಟ್ಟಿದ್ದೆವು. ಎಕ್ಸ್‌ರೇ ತೆಗೆದು ಗಾಬರಿಪಡುವಂಥದು ಏನೂ ಇಲ್ಲ ಎಂದರು. ಮುಂದಿನ ವರ್ಷದ ಕೊನೆಗೆ ಕೆಮ್ಮು ಮರುಕಳಿಸಿ ಮೈ ಇಳಿಯತೊಡಗಿದಾಗ ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿಯಿತು. ಹಳೆಯ ಎಕ್ಸ್‌ರೇ ಇದ್ದರೆ ತನ್ನಿ ಎಂದರು ಅಲ್ಲಿಯ ವೈದ್ಯರು. ನಮ್ಮ ಯಜಮಾನರು ರಾತ್ರಿ ಬಸ್ಸಿಗೆ ಊರಿಗೆ ಬಂದು, ಕಪಾಟಿನ ಹಿಂದಿನ ಈ ಲಕೋಟೆ ಹಿಡಿದುಕೊಂಡು ಮರುದಿನ ವಾಪಸಾದರು. ವೈದ್ಯರು ಅದನ್ನು ದೀಪದ ಮುಂದೆ ಹಿಡಿದು ತುಸು ಹೊತ್ತು ಸುಮ್ಮನಿದ್ದರು. ಕೊರಳೆಲುಬಿನ ಹಿಂದೆ ಬೆರಳಿಟ್ಟು, "ಇಲ್ಲಿದೆ ನೋಡಿ. ಈಗ ಗೊತ್ತಿರುವುದರಿಂದ ಕಾಣುತ್ತದೆ. ಆಗ ಕಾಣುವುದು ಕಷ್ಟ, ಯಾರನ್ನೂ ದೂರಬೇಡಿ" ಎಂದರು. ನಾವು ಯಾರನ್ನೂ ದೂರಲಿಲ್ಲ. ದೂರಿ ಆಗುವುದಾದರೂ ಏನಿತ್ತು?

ಇದನ್ನು ಕೇಳಿ ಹುಡುಗಿಯ ಮುಖ ಸಣ್ಣದಾಯಿತು. "ಅದಕ್ಕs ದೊಡ್ಡವ್ವ ನಾವು ಇದನ್ನ ಮಾಡೂದು" ಎಂದಳು. ನಾನು ಕೇಳಿದೆ: "ಅಲ್ಲವ್ವಾ, ಇಷ್ಟು ಮಂದಿ ಎಕ್ಸ್‌ರೇ ನೋಡ್ತೀರಿ, ಅವರ್ನ ಕೇಳೀರೇನು?"

ಕೇಳಿಲ್ಲ. ಕೇಳಬೇಕಾಗಿಲ್ಲ ಎಂದು ಆಸ್ಪತ್ರೆಯ ನೀತಿ ಸಮಿತಿ ಒಪ್ಪಿಗೆ ಕೊಟ್ಟಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ನೀತಿ ಸೂತ್ರಗಳ ಪ್ರಕಾರ, ಹಳೆಯ ದಾಖಲೆಗಳ ಅಧ್ಯಯನದಲ್ಲಿ ರೋಗಿಗಳ ಗುರುತು ತೆಗೆದುಹಾಕಿದ್ದರೆ, ಅಥವಾ ಅವರನ್ನು ಮತ್ತೆ ಸಂಪರ್ಕಿಸುವುದು ಸಾಧ್ಯವಿಲ್ಲದಿದ್ದರೆ ಸಮಿತಿ ಹಾಗೆ ವಿನಾಯಿತಿ ಕೊಡಬಹುದು. ಸಾವಿರಾರು ಜನ. ಅವರಲ್ಲಿ ಎಷ್ಟೋ ಮಂದಿ ತೀರಿಕೊಂಡಿದ್ದಾರೆ, ಎಷ್ಟೋ ಮಂದಿ ಊರು ಬಿಟ್ಟಿದ್ದಾರೆ, ಫೋನ್ ನಂಬರು ಬದಲಾಗಿದೆ. ಎಲ್ಲರನ್ನೂ ಕೇಳುತ್ತ ಹೋದರೆ ಕೆಲಸವೇ ಆಗದು. "ಹೆಸರ ತಗದಬಿಟ್ಟಿರತೀವಿ ದೊಡ್ಡವ್ವ. ಯಾರದಂತ ನಮಗೂ ಗೊತ್ತಾಗೂದಿಲ್ಲ. ಯಾರಿಗೇನು ತ್ರಾಸ?"

ಅವಳ ಮಾತು ತಪ್ಪೆಂದು ನನಗೂ ಅನಿಸಲಿಲ್ಲ. ವಾತಾವರಣ ತಿಳಿಯಾಗಲೆಂದೋ ಏನೋ, ಅವಳು ನಗುತ್ತ ಇನ್ನೊಂದು ಸಂಗತಿ ಹೇಳಿದಳು. "ನಮ್ಮ ಹೆಣಮಕ್ಕಳ ಎಕ್ಸ್‌ರೇದಾಗ ಏನೇನ ಇರ್ತಾವಂತೀ! ತಾಳಿ ತಗೀರಿ ಅಂದ್ರ ತಗಿಯೂದಿಲ್ಲ. ಒಂದರಾಗಂತೂ ಎರಡು ಬಟ್ಟಲ ತಾಳಿ, ಎರಡು ಪಿನ್ನು, ಜೋಡಿ ಒಂದು ಸಣ್ಣ ಕೀಲಿಕೈ! ನಾವೆಲ್ಲಾರೂ ನಕ್ಕಿದ್ದs ನಕ್ಕಿದ್ದು."

ನಾನು ಕೈ ತೊಳೆದುಕೊಂಡು ಎದ್ದು ಹೋಗಿ ಕಪಾಟಿನ ಹಿಂದಿನ ಲಕೋಟೆ ತಂದೆ. 2014ರ ಹಾಳೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ. ಅತ್ತೆ ಮದುವೆಯಾದಂದಿನಿಂದ ಕೊರಳಿನ ತಾಳಿ ತೆಗೆದವರಲ್ಲ. ಎಕ್ಸ್‌ರೇ ತೆಗೆಯುವ ಹುಡುಗ ಎಷ್ಟು ಹೇಳಿದರೂ ಕೇಳದೆ, ಅದನ್ನು ಬೆನ್ನಿನ ಕಡೆಗೆ ಸರಿಸಿಕೊಂಡು ನಿಂತಿದ್ದರು. ಹಿಂದೆ ಹಾಕಿಕೊಂಡರೆ ಕಾಣುವುದಿಲ್ಲ ಎಂದು ಅವರ ಎಣಿಕೆ. ಎಕ್ಸ್‌ರೇಗೆ ಮುಂದೇನು, ಹಿಂದೇನು! ಬೆನ್ನೆಲುಬಿನ ಪಕ್ಕದಲ್ಲಿ ಎರಡು ಪುಟ್ಟ ಬಟ್ಟಲುಗಳು ಬೆಳ್ಳಗೆ ಎದ್ದು ಕಾಣುತ್ತಿದ್ದವು. ಎರಡು ಪಿನ್ನು. ತವರಿನ ಟ್ರಂಕಿನ ಕೀಲಿಕೈ.

ಅಂಥ ಕೀಲಿಕೈ ಕಟ್ಟಿಕೊಂಡ ಹೆಂಗಸು ಊರಿಗೆ ಒಬ್ಬಳೇ ಇರಬೇಕೆಂದೇನಿಲ್ಲ. ಆದರೆ ಆಸ್ಪತ್ರೆ ಅದೇ, ಇಸವಿಯೂ ಅವರು ಆರಿಸಿಕೊಂಡ ಇಸವಿಗಳೊಳಗೇ ಬರುತ್ತದೆ. ಹುಡುಗಿ ಹಾಳೆಯನ್ನು ಬಹಳ ಹೊತ್ತು ನೋಡಿದಳು. ನಾನೇ ಕೇಳಿದೆ, "ನಿಮ್ಮ ಲೆಕ್ಕದಾಗ ಇದು ಅದ ಏನು?" ಅವಳು ನೆಲ ನೋಡುತ್ತ ಹೇಳಿದಳು: "ಇಲ್ಲ ದೊಡ್ಡವ್ವ. ಲೋಹದ ಸಾಮಾನ ಇದ್ದದ್ದನ್ನೆಲ್ಲ ಮೊದಲs ತಗದ ಬಿಟ್ಟೀವಿ. ಕಂಪ್ಯೂಟರ್ ಗೊಂದಲ ಆಗ್ತದಂತ."

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನಗೆ ಸಿಟ್ಟು ಬಂದಿತ್ತು. ಆದರೆ ಯಾಕೆ ಬಂದಿದೆ ಎಂದು ನೋಡಿಕೊಂಡರೆ ಎರಡು ತದ್ವಿರುದ್ಧ ಕಾರಣಗಳಿದ್ದವು. ಕೇಳದೆ ತೆಗೆದುಕೊಂಡರಲ್ಲ ಎಂದು ಒಂದು ಸಿಟ್ಟು. ತೆಗೆದುಕೊಂಡವರು ಬೇಡವೆಂದು ಆಚೆ ಇಟ್ಟರಲ್ಲ ಎಂದು ಇನ್ನೊಂದು. ಒಂದು ಕಡೆ, ತಲೆಯ ಮೇಲಿನ ಸೆರಗು ಜಾರಗೊಡದ ಹೆಂಗಸಿನ ಎದೆಯನ್ನು ಕೋಣೆ ತುಂಬ ಹುಡುಗ ಹುಡುಗಿಯರು ನೋಡಿ ನಕ್ಕರೆಂಬ ಸಂಕಟ. ಇನ್ನೊಂದು ಕಡೆ, ಯಾವ ನೆರಳನ್ನು ಹುಡುಕಲೆಂದು ಇಷ್ಟೆಲ್ಲ ನಡೆದಿದೆಯೋ ಆ ನೆರಳು ಅದೇ ಹಾಳೆಯಲ್ಲಿದ್ದೂ ಲೆಕ್ಕಕ್ಕೆ ಬರಲಿಲ್ಲವೆಂಬ ಸಂಕಟ. ಇವೆರಡೂ ಒಟ್ಟಿಗೆ ನಿಜವಾಗಿರುವುದು ಹೇಗೆ?

ಇಂಥ ಅಧ್ಯಯನಗಳು ಬೇಡವೆಂದು ಹೇಳುವ ಧೈರ್ಯ ನನಗಿಲ್ಲ. ಕ್ಷಯದ ಬಗ್ಗೆ ನಮ್ಮ ದೇಶ ಕಲಿತದ್ದರಲ್ಲಿ ಒಂದು ದೊಡ್ಡ ಪಾಲು ನಮ್ಮ ನಾಡಿನ ಹಳ್ಳಿಗರ ಎದೆಯ ಚಿತ್ರಗಳಿಂದಲೇ ಬಂದದ್ದು. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಿಗೆ ನಾಲ್ಕು ನಾಲ್ಕು ಸಲ ಹೋಗಿ, ಐದು ವರ್ಷ ದಾಟಿದ ಎಲ್ಲರ ಎದೆಯ ಚಿಕ್ಕ ಚಿತ್ರಗಳನ್ನು 70 ಮಿಲಿಮೀಟರ್ ಅಗಲದ ಫಿಲಂ ಮೇಲೆ ತೆಗೆಯುವ ಕೆಲಸ ಹಿಡಿದರು. ಮೊದಲ ಸಲ ಕಫದಲ್ಲಿ ರೋಗಾಣು ಕಂಡವರಲ್ಲಿ ಐದು ವರ್ಷಗಳ ಕೊನೆಗೆ ಸುಮಾರು ಅರ್ಧದಷ್ಟು ಜನ ತೀರಿಕೊಂಡಿದ್ದರು, ಸುಮಾರು ಮೂರರಲ್ಲಿ ಒಂದು ಪಾಲು ಗುಣವಾಗಿದ್ದರು, ಉಳಿದವರಲ್ಲಿ ರೋಗಾಣು ಹಾಗೇ ಇತ್ತು. ಈ ಲೆಕ್ಕವನ್ನು ಕ್ಷಯರೋಗದ ಪಾಠಗಳಲ್ಲಿ ಮುಂದೆಯೂ ಹೇಳುತ್ತ ಬಂದಿದ್ದಾರೆ. "ಅರ್ಧದಷ್ಟು" ಎಂದು ಬರೆಯುವಾಗ ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ಆ ಅರ್ಧದೊಳಗೆ ಯಾರ ಅವ್ವ ಇದ್ದಳೋ, ಯಾರ ಮಗ ಇದ್ದನೋ. ನಾವು ಇಂದು ತಿಳಿದಿರುವ ಒಂದು ಅಂಕಿಗಾಗಿ ಅವರಿಗೆ ಋಣಿಗಳು. ಅವರ ಹೆಸರು ನಮಗೆ ಗೊತ್ತಿಲ್ಲ.

ಹೊರದೇಶಗಳಲ್ಲಂತೂ ಈಗ ಈ ಕಣಜಗಳ ಬಾಗಿಲನ್ನೇ ತೆರೆದಿಟ್ಟಿದ್ದಾರೆ. 2017ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 30,805 ರೋಗಿಗಳ 1,12,120 ಎದೆಯ ಎಕ್ಸ್‌ರೇಗಳನ್ನು ಹೆಸರು ಅಳಿಸಿ, ಯಾರು ಬೇಕಾದರೂ ತೆಗೆದುಕೊಂಡು ಅಭ್ಯಾಸ ಮಾಡಲೆಂದು ಹೊರಗಿಟ್ಟಿತು. ಆಮೇಲೆ 2020ರಲ್ಲಿ ಅರ್ಜೆಂಟೀನಾದ ಸಂಶೋಧಕರು ಇಂಥ ಚಿತ್ರಗಳಿಂದಲೇ ಒಂದು ಪರೀಕ್ಷೆ ಮಾಡಿದರು. ಕಂಪ್ಯೂಟರಿಗೆ ಗಂಡಸರ ಚಿತ್ರಗಳನ್ನಷ್ಟೇ ತೋರಿಸಿ ಕಲಿಸಿದರೆ, ಹೆಂಗಸರ ಕಾಯಿಲೆ ಗುರುತಿಸುವಾಗ ಅದು ಹೆಚ್ಚು ತಪ್ಪುತ್ತದೆ. ಹೆಂಗಸರದನ್ನಷ್ಟೇ ತೋರಿಸಿದರೆ ಗಂಡಸರ ವಿಷಯದಲ್ಲಿ ತಪ್ಪುತ್ತದೆ. ಎಂದರೆ, ಕಣಜದಲ್ಲಿ ಯಾರ ಕಾಳು ಇಲ್ಲವೋ ಅವರ ಪಾಲಿಗೆ ಊಟವೂ ಕಡಿಮೆ. ಇದನ್ನು ಓದಿದಾಗ ನನಗೆ ಅತ್ತೆಯ ತಾಳಿ ಕಣ್ಣ ಮುಂದೆ ಬಂತು. ತಾಳಿ ತೆಗೆಯದ ಹೆಂಗಸರನ್ನೆಲ್ಲ ಬದಿಗಿಟ್ಟು ಕಲಿತ ಯಂತ್ರ ನಾಳೆ ತಾಳಿ ತೆಗೆಯದ ಇನ್ನೊಬ್ಬ ಹೆಂಗಸು ಎದುರು ನಿಂತಾಗ ಏನು ಮಾಡೀತು? ನಮ್ಮ ಮಾನ ನಮ್ಮಲ್ಲೇ ಇರಲಿ ಎಂದು ನಾವೆಲ್ಲ ಕೊಡದೆ ಕುಳಿತರೂ ನಷ್ಟ ನಮ್ಮ ಹೆಣ್ಣುಮಕ್ಕಳಿಗೇ.

ಹಾಗಾದರೆ ಕೊಟ್ಟುಬಿಡಬೇಕು, ಹೆಸರು ಅಳಿಸುತ್ತಾರಲ್ಲ, ಇನ್ನೇನು ಭಯ? ಹೆಸರು ಅಳಿಸಿದರೆ ಗುರುತು ಅಳಿಯುತ್ತದೆಯೇ ಎಂಬುದೇ ಈಗ ಅನುಮಾನ. ಜರ್ಮನಿಯ ಎರ್ಲಾಂಗೆನ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೆಸರಿಲ್ಲದ ಎರಡು ಎದೆಯ ಎಕ್ಸ್‌ರೇಗಳನ್ನು ಕೊಟ್ಟರೆ ಅವೆರಡೂ ಒಬ್ಬರದೇ ಅಲ್ಲವೇ ಎಂಬುದನ್ನು ಕಂಪ್ಯೂಟರ್ ನೂರಕ್ಕೆ ಸುಮಾರು 95 ಸಲ ಸರಿಯಾಗಿ ಹೇಳಿತು. ನಮ್ಮ ಪಕ್ಕೆಲುಬುಗಳ ಬಾಗು, ಹೃದಯದ ಅಂಚು ಇವೂ ಹೆಬ್ಬೆಟ್ಟಿನ ಗುರುತಿನ ಹಾಗೆಯೇ ಎಂದಾಯಿತು. ಹೆಸರಿರುವ ಒಂದು ಎಕ್ಸ್‌ರೇ ಯಾರದಾದರೂ ಕೈಯಲ್ಲಿದ್ದರೆ ಹೆಸರಿಲ್ಲದ ಇನ್ನೊಂದನ್ನು ಜೋಡಿಸಬಹುದು. ಅಷ್ಟು ದೂರ ಯಾಕೆ, ಕಂಪ್ಯೂಟರಿನ ಗಂಧವಿಲ್ಲದ ನಾನು ಅಡಿಗೆಮನೆಯಲ್ಲಿ ನಿಂತು ಒಂದು ಕೀಲಿಕೈಯಿಂದ ಗುರುತು ಹಿಡಿಯಲಿಲ್ಲವೆ?

ಕಾನೂನು ಸುಮ್ಮನಿಲ್ಲ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. 2023ರಲ್ಲಿ ಡಿಜಿಟಲ್ ಮಾಹಿತಿಯ ರಕ್ಷಣೆಗೆ ಕಾಯ್ದೆಯೂ ಬಂತು. ಆದರೆ ಅದರಲ್ಲೂ, ನಿಗದಿ ಮಾಡಿದ ಮಟ್ಟಕ್ಕೆ ಒಳಪಟ್ಟು, ಸಂಶೋಧನೆಗೆ ವಿನಾಯಿತಿ ಇದೆ. ಇರಬೇಕಾದದ್ದೇ. ಆದರೆ ಕಾನೂನು ಬಿಟ್ಟುಕೊಟ್ಟ ಜಾಗದಲ್ಲೇ ಅಲ್ಲವೆ ನಮ್ಮ ನಮ್ಮ ಮನಸ್ಸಾಕ್ಷಿಯ ಕೆಲಸ ಶುರುವಾಗುವುದು?

ಎಕ್ಸ್‌ರೇ ಕಂಡುಹಿಡಿದ ರಾಂಟ್‌ಜನ್ ತೆಗೆದ ಮೊದಲ ಪ್ರಸಿದ್ಧ ಚಿತ್ರವೂ ಹೆಂಗಸಿನದೇ. 1895ರ ಡಿಸೆಂಬರ್ 22ರಂದು ಜರ್ಮನಿಯ ವ್ಯುರ್ಟ್ಸ್‌ಬುರ್ಗಿನಲ್ಲಿ ಆತ ಹೆಂಡತಿ ಬೆರ್ತಾಳ ಕೈಯನ್ನು ಫಲಕದ ಮೇಲೆ ಸುಮಾರು ಕಾಲು ಗಂಟೆ ಅಲುಗಿಸದೆ ಇಡಿಸಿದ. ಬೆರಳೆಲುಬುಗಳು ಕಂಡವು, ಒಂದು ಬೆರಳಲ್ಲಿ ಮದುವೆಯ ಉಂಗುರವೂ ಕಂಡಿತು. ಆಕೆ ತನ್ನ ಸಾವನ್ನೇ ಕಂಡಂತೆ ಬೆಚ್ಚಿದಳಂತೆ. 1896ರ ಹೊಸ ವರ್ಷದ ದಿನ ಆತ ತನ್ನ ಲೇಖನದ ಜೊತೆ ಚಿತ್ರಗಳನ್ನು ಬೇರೆ ಬೇರೆ ಊರುಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದ. ಬೆರ್ತಾಳ ಉಂಗುರದ ಕೈ ಲೋಕಸಂಚಾರ ಹೊರಟಿತು. ಆಕೆಗೆ ಅದು ಇಷ್ಟವಿತ್ತೋ ಇಲ್ಲವೋ, ತನ್ನ ಕೈ ಎಂದಾದರೂ ಗೊತ್ತಿತ್ತು. ನಮ್ಮ ಅತ್ತೆಗೆ ಅಷ್ಟೂ ಗೊತ್ತಿರಲಿಲ್ಲ.

ಯೋಚಿಸುತ್ತ ಹೋದಂತೆ ನನ್ನ ಎರಡು ಸಿಟ್ಟುಗಳ ಬೇರು ಒಂದೇ ಎಂದು ಅನಿಸಿತು. ಹೆಸರು ಅಳಿಸಿದ ಕೂಡಲೇ ಆ ಚಿತ್ರ ಯಾರದೂ ಅಲ್ಲದ್ದಾಗಿಬಿಡುತ್ತದೆ ಎಂಬ ನಂಬಿಕೆ ಇದೆಯಲ್ಲ, ಅದು. ಯಾರದೂ ಅಲ್ಲದ್ದಾದ್ದರಿಂದಲೇ ಕೇಳದೆ ತೆಗೆದುಕೊಳ್ಳಬಹುದು, ನೋಡಿ ನಗಬಹುದು, ಬೇಡವಾದರೆ ಆಚೆ ಇಡಬಹುದು. ಹೆಸರು ಅಳಿಸುವುದು ಅಪಾಯ ತಪ್ಪಿಸಲು ಮಾಡಿದ ಉಪಾಯ. ಅದು ಒಳ್ಳೆಯದೇ. ಆದರೆ ಪಾತ್ರೆಯ ಮೇಲಿನ ಹೆಸರನ್ನು ಉಜ್ಜಿ ತೆಗೆದ ಮಾತ್ರಕ್ಕೆ ಆ ಪಾತ್ರೆ ಕೊಟ್ಟವರ ಋಣ ತೀರುವುದಿಲ್ಲ. ಅಳಿಸಬಹುದಾದದ್ದು ಹೆಸರನ್ನು ಮಾತ್ರ, ಋಣವನ್ನಲ್ಲ.

ಇನ್ನೊಂದು ಮಾತೂ ಮನಸ್ಸಿನಲ್ಲಿ ಕೊರೆಯುತ್ತದೆ. ಸಂಶೋಧನೆಗೆಂದರೆ ಕ್ಷಣದಲ್ಲಿ ಎದ್ದು ಬರುವ ಆ ಚಿತ್ರ, ಅತ್ತೆ ಹಾಸಿಗೆ ಹಿಡಿದಾಗ ಅವರ ಚಿಕಿತ್ಸೆಗೆ ಸಿಗಲಿಲ್ಲ. ಒಂದು ಆಸ್ಪತ್ರೆಯ ಕಣಜದಿಂದ ಇನ್ನೊಂದು ಆಸ್ಪತ್ರೆಗೆ ದಾರಿ ಇರಲಿಲ್ಲ. ನಮ್ಮ ಯಜಮಾನರು ರಾತ್ರಿ ಬಸ್ಸು ಹಿಡಿಯಬೇಕಾಯಿತು. 2021ರಿಂದ ಸರ್ಕಾರ ಎಲ್ಲರಿಗೂ ಹದಿನಾಲ್ಕು ಅಂಕಿಯ ಆರೋಗ್ಯ ಸಂಖ್ಯೆ ಕೊಟ್ಟು ದಾಖಲೆಗಳನ್ನು ಜೋಡಿಸುವ ಕೆಲಸ ದೇಶದ ತುಂಬ ಹಿಡಿದಿದೆ. ಆಗಲಿ. ಕೂಡಿಡುವ, ಹುಡುಕಿಕೊಡುವ ಯಾವ ವ್ಯವಸ್ಥೆಯೇ ಇರಲಿ, ಅದು ಮೊದಲು ಚಿತ್ರ ಯಾರದೋ ಅವರಿಗೆ ಸಿಗಬೇಕು, ಆಮೇಲೆ ಉಳಿದವರಿಗೆ. ಪಂಕ್ತಿಯಲ್ಲಿ ಮನೆಯವರನ್ನೇ ಎಬ್ಬಿಸಿ ಊರಿಗೆ ಬಡಿಸುವುದು ಯಾವ ಧರ್ಮ?

ಮರುದಿನ ಹುಡುಗಿ ತಾನೇ ಬಂದು ನನ್ನ ಹತ್ತಿರ ಕುಳಿತಳು. "ನಾನೂ ನಕ್ಕೆ ದೊಡ್ಡವ್ವ" ಎಂದಳು. ಅಷ್ಟೇ ಸಾಕಾಗಿತ್ತು ನನಗೆ. ಸ್ವಲ್ಪ ಹೊತ್ತಿನ ಮೇಲೆ ಅಂಜುತ್ತ ಅಂಜುತ್ತ ಇನ್ನೊಂದು ಮಾತು ಎತ್ತಿದಳು. ಒಬ್ಬರದೇ ಎರಡು ಎಕ್ಸ್‌ರೇ, ನೆರಳು ಸಣ್ಣದಿದ್ದಾಗಿನದು ಮತ್ತು ದೊಡ್ಡದಾದ ಮೇಲಿನದು, ಹೀಗೆ ಜೋಡಿಯಾಗಿ ಸಿಗುವುದು ಕಲಿಯುವವರಿಗೆ ಬಹಳ ಉಪಯೋಗವಂತೆ. ತನ್ನ ಗುರುಗಳ ಅಪ್ಪಣೆ ಪಡೆದು ಇವೆರಡನ್ನೂ ಕಂಪ್ಯೂಟರಿಗೆ ಹಾಕಿಸಲೇ ಎಂದು ಕೇಳಿದಳು. "ತಾಳಿ ಇದ್ರೂ ನಡೀತದ. ತಾಳಿ ಇದ್ದದ್ದs ಇರಲಿ."

ಕೇಳಬೇಕು, ಕೇಳಬೇಕು ಎಂದು ರಾತ್ರಿಯಿಡೀ ಹೊರಳಾಡಿದವಳು ನಾನು. ಈಗ ಕೇಳಿದಾಗ ಉತ್ತರ ಬರಲಿಲ್ಲ. ನಾನು ಯಾರು ಹೇಳಲು? 2014ರಲ್ಲಿ ಆಸ್ಪತ್ರೆಯಲ್ಲಿ ಇಂಗ್ಲಿಷಿನ ಕಾಗದಗಳಿಗೆ ಓದದೆ ಸಹಿ ಹಾಕಿದವಳು ಕೂಡ ನಾನೇ. ಅತ್ತೆ ಪಕ್ಕದ ಮಂಚದ ಮೇಲೇ ಕುಳಿತಿದ್ದರು, ಎಚ್ಚರವಾಗಿದ್ದರು. ಅವರನ್ನು ಒಂದು ಮಾತು ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ದೂರುವುದಾದರೆ ಮೊದಲು ಅದನ್ನು ಹೇಳಿಕೊಂಡೇ ದೂರಬೇಕು.

ಯಜಮಾನರನ್ನು ಕೇಳಿದರೆ, "ಕೊಟ್ಟಬಿಡು, ಕಪಾಟಿನ ಹಿಂದ ಇದ್ದು ಏನ ಮಾಡ್ತದ" ಎಂದರು. ನಾದಿನಿಗೆ ಫೋನ್ ಮಾಡಿದೆ. ಆಕೆ ಮೊದಲು ಸಿಡುಕಿದಳು. "ನಮ್ಮವ್ವ ಸೆರಗ ತಗದು ಯಾರ ಮುಂದೂ ನಿಂತಾಕಿ ಅಲ್ಲ ವೈನಿ. ಈಗ ಊರಿಗೆಲ್ಲ ತೋರಸ್ತೀರೇನು?" ನಾನು ಸುಮ್ಮನಿದ್ದೆ. ಆ ಕಡೆಯೂ ಸುಮ್ಮನಾಯಿತು. ಆಮೇಲೆ ಆಕೆಯೇ ಹೇಳಿದಳು: "ಇನ್ನೊಬ್ಬರ ಅವ್ವಗ ಹಿಂಗ ಆಗಬಾರದು ಅಂತಿದ್ರ ಕೊಡ್ರಿ. ಆದ್ರ ನಗಬ್ಯಾಡ್ರಿ ಅಂತ ಹೇಳ್ರಿ. ಮತ್ತ ಏನ ಕಲತ್ರಿ ಅಂತ ನಮಗ ಬಂದು ಹೇಳಬೇಕು."

ನಮ್ಮ ಕಡೆ ಒಂದು ಪದ್ಧತಿಯಿದೆ, ನಿಮ್ಮಲ್ಲೂ ಇರಬಹುದು. ನೆರೆಯವರು ಏನಾದರೂ ಹಾಕಿ ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ನಾದಿನಿ ಕೇಳಿದ್ದು ಅಷ್ಟನ್ನೇ. ಸಾವಿರಾರು ಜನರನ್ನು ಒಬ್ಬೊಬ್ಬರಾಗಿ ಹುಡುಕಿ ಕೇಳುವುದು ಆಗದಿರಬಹುದು. ಆದರೆ ಇಂದು ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತವಳಿಗೆ, ಅವಳ ಭಾಷೆಯಲ್ಲಿ, "ಈ ಚಿತ್ರ ಇಲ್ಲಿ ಉಳಿಯುತ್ತದೆ, ಹೆಸರು ತೆಗೆದು ಕಲಿಯಲು ಬಳಸುತ್ತೇವೆ, ಬೇಡವಾದರೆ ಹೇಳಿ" ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅದೇ ಗೋಡೆಗೆ, "ಇಲ್ಲಿ ತೆಗೆದ ಚಿತ್ರಗಳಿಂದ ಈ ವರ್ಷ ನಾವು ಕಲಿತದ್ದು ಇದು" ಎಂದು ನಾಲ್ಕು ಸಾಲು ಕನ್ನಡದಲ್ಲಿ ಬರೆದು ಅಂಟಿಸಲು ಎಷ್ಟು ಖರ್ಚು? ತಾಳಿ ತೆಗೆಯಲೊಪ್ಪದ ಮುದುಕಿಗೆ ಗದರಿಸದೆ, ಅದರ ನೆರಳಿನಲ್ಲಿ ಏನು ಮುಚ್ಚಿಹೋಗಬಹುದೆಂದು ತಿಳಿಸಿ ಹೇಳಿದರೆ ಅವಳೇ ತೆಗೆದು ಸೊಸೆಯ ಕೈಗೆ ಕೊಟ್ಟಾಳು.

ಎಕ್ಸ್‌ರೇಗಳನ್ನು ಕೊಟ್ಟೆ. ಹುಡುಗಿ ಲಕೋಟೆಯನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಎರಡು ತಿಂಗಳ ಮೇಲೆ ಫೋನ್ ಮಾಡಿ, ಗೋಡೆಗೆ ಅಂಟಿಸುವ ಕನ್ನಡದ ಹಾಳೆಯೊಂದನ್ನು ಬರೆದಿದ್ದೇನೆ, ತಿದ್ದಿಕೊಡು ಎಂದಳು. ತಿದ್ದಿ ಕಳಿಸಿದೆ. ಅದು ಇನ್ನೂ ಮೇಲಿನವರ ಮೇಜಿನ ಮೇಲಿದೆಯಂತೆ. ಲಕೋಟೆ ಮಾತ್ರ ಕೆಲಸ ಮುಗಿದು ಮೊನ್ನೆ ವಾಪಸು ಬಂತು. ತೆರೆದು ನೋಡಿದೆ. ಎರಡು ಎಕ್ಸ್‌ರೇಗಳ ಜೊತೆಗೆ ಒಂದು ಚೀಟಿಯಿತ್ತು. ಕೊರಳೆಲುಬಿನ ಹಿಂದಿನ ನೆರಳನ್ನು ಎಲ್ಲಿ, ಹೇಗೆ ಹುಡುಕಬೇಕು ಎಂದು ಅವಳ ಕಿರಿಯ ವಿದ್ಯಾರ್ಥಿಗಳು ಈ ಹಾಳೆಯಿಂದ ಕಲಿತರೆಂದು ಅದರಲ್ಲಿ ಬರೆದಿದ್ದಳು. ಯಾರೂ ನಗಲಿಲ್ಲವೆಂದೂ ಬರೆದಿದ್ದಳು.

ಚೀಟಿಯನ್ನು ನಾದಿನಿಗೆ ಓದಿ ಹೇಳಿದೆ. ಲಕೋಟೆಯನ್ನು ಮತ್ತೆ ಕಪಾಟಿನ ಹಿಂದೆ ಇಟ್ಟಿದ್ದೇನೆ.